ಮೂವತ್ತಮೂರನೆಯ ತಂತಿ

ಜೂನ್ ಹನ್ನೊಂದು, ಮಂಗಳವಾರ, ಬೆಳಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಕೆಲಸ ಶುರುವಾದ ಹೊತ್ತೆಂದು ನನ್ನ ಡೈರಿಯಲ್ಲಿ ಬರೆದಿರುವುದು ಇದನ್ನೇ. ಜಮಖಂಡಿಯ ಒಂದು ದೊಡ್ಡ ಚರ್ಚಿನ ಬಾಗಿಲಲ್ಲಿ ನಾನೂ ನನ್ನ ಸೋದರಮಾವನೂ ಚಪ್ಪಲಿ ಬಿಟ್ಟು, ಏಣಿ, ಡ್ರಿಲ್ಲು, ನಾಲ್ಕು ಡಬ್ಬಿ ಹೊಸ ಕೇಬಲ್ ಹೊತ್ತು ಒಳಗೆ ಹೋದೆವು.

ಮಾಮಾನದು ಬನಹಟ್ಟಿಯಲ್ಲಿ ಒಂದು ಅಂಗಡಿ. ಸಿಸಿ ಕ್ಯಾಮೆರಾ ಕೂಡಿಸುವುದು, ಇಂಟರ್ನೆಟ್ ಲೈನ್ ಎಳೆಯುವುದು, ವೈ-ಫೈ ಹಾಕುವುದು ನಮ್ಮ ಕೆಲಸ. ಡಿಗ್ರಿ ಮುಗಿಸಿ ಮೂರು ವರ್ಷದಿಂದ ನಾನು ಅವನ ಜೊತೆ ಇದ್ದೇನೆ. ಗೋಡೆ ಕೊರೆಯುವುದು ಮತ್ತು ಮಾತಾಡುವುದು ಅವನ ಪಾಲು. ಏಣಿ ಹತ್ತುವುದು, ತಂತಿಗೆ ತುದಿ ಕೂಡಿಸುವುದು, ಬರೆದಿಡುವುದು ನನ್ನ ಪಾಲು. ಎಷ್ಟು ತಂತಿ, ಎಷ್ಟು ಮೀಟರು, ಯಾವ ಗೋಡೆ, ಎಷ್ಟು ತೂತು, ಎಲ್ಲವನ್ನೂ ಬರೆಯುತ್ತೇನೆ. ಇದಕ್ಕಾಗಿ ಮಾಮಾ ನನ್ನನ್ನು ತಲಾಟಿ, ಅಂದರೆ ಊರಿನ ಲೆಕ್ಕಿಗ, ಎಂದು ಕರೆಯುತ್ತಿದ್ದ.

ಚರ್ಚು ಕರಿಕಲ್ಲಿನದು. ಗೋಡೆಯ ದಪ್ಪ ಎರಡೂವರೆ ಅಡಿ, ನಾನೇ ಕಿಟಕಿಯಲ್ಲಿ ಟೇಪು ಹಿಡಿದು ನೋಡಿದ್ದೇನೆ. ನಾಲ್ಕು ನೂರು ಜನ ಕೂಡಬಹುದಾದ ಜಾಗ, ಭಾನುವಾರ ಬರುವವರು ಅರವತ್ತರಿಂದ ಎಪ್ಪತ್ತು. ಇಂಟರ್ನೆಟ್ಟು ಮೊದಲೂ ಇತ್ತು, ಆದರೆ ಮೂರನೆಯ ಕಂಬದ ಆಚೆ ಹೋಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ವರ್ಗವಾಗಿ ಬಂದ ಸಭಾಪಾಲಕರಿಗೆ ಆರಾಧನೆಯನ್ನು ದೂರದವರು ಫೋನಿನಲ್ಲಿ ನೋಡುವಂತಾಗಬೇಕಿತ್ತು. ಹಾಡಿನ ಸಾಲುಗಳು ಪರದೆಯ ಮೇಲೆ ಬರಬೇಕಿತ್ತು, ಭಾನುವಾರದ ಶಾಲೆಯ ಕೋಣೆಗಳಿಗೂ ಲೈನು ಬೇಕಿತ್ತು. ನಾವು ಮಾಡಬೇಕಾದದ್ದು ಇಷ್ಟು: ಹಳೆಯ ತಂತಿ ತೆಗೆದು ಹೊಸದು ಎಳೆಯುವುದು, ತಂತಿಗಳೆಲ್ಲ ಸೇರುವ ಹೊಸ ಸ್ವಿಚ್ ಡಬ್ಬಿ ಕೂಡಿಸುವುದು, ಮೂರು ಕಡೆ ವೈ-ಫೈ ಡಬ್ಬಿ ಹಾಕುವುದು.

ಎಲ್ಲ ತಂತಿಗಳೂ ಬಂದು ಸೇರುತ್ತಿದ್ದದ್ದು ವೇದಿಯ ಹಿಂದೆ, ಸಭಾಪಾಲಕರು ನಿಲುವಂಗಿ ಹಾಕಿಕೊಳ್ಳುವ ಚಿಕ್ಕ ಕೋಣೆಯಲ್ಲಿ. ವರ್ಷ ವರ್ಷ ಯಾರು ಯಾರೋ ಬಂದು ಎಳೆದು ಹೋದ ತಂತಿಗಳು. ಒಂದರ ಮೇಲೂ ಚೀಟಿಯಿಲ್ಲ. ನಾನು ಎಣಿಸಿದೆ, ನಲವತ್ತೊಂದು. ಮನೆಯಿಂದ ತಂದಿದ್ದ ಬಣ್ಣದ ನೂಲಿನ ತುಂಡುಗಳನ್ನು ಒಂದೊಂದಕ್ಕೆ ಕಟ್ಟುತ್ತ ಟೆಸ್ಟರ್ ಹಚ್ಚಿದೆ. ದೀಪ ಹತ್ತಿದ್ದಕ್ಕೆ ಹಸಿರು, ಹತ್ತದ್ದಕ್ಕೆ ಕೆಂಪು. ಹಸಿರು ಇಪ್ಪತ್ತನಾಲ್ಕು, ಕೆಂಪು ಹದಿನೇಳು.

"ಕೆಂಪ ಹಂಗs ಬಿಡಬೇ," ಎಂದ ಮಾಮಾ. "ಸತ್ತ ತಂತಿ ನಿನ್ನ ಏನ ಬೇಡತೈತಿ? ಗ್ವಾಡ್ಯಾಗ ಬಿದ್ದಿರಲಿ."

"ಮುಂದ ಬಂದಾವ್ರು ಮತ್ತ ಎಣಸಬೇಕಲ್ಲೋ ಮಾಮಾ. ತಗದ ಬಿಡೂನು, ಲೆಕ್ಕ ಸ್ವಚ್ಛ ಆಗತೈತಿ."

"ಆತು ತಲಾಟಿ. ನಿನ್ನ ಲೆಕ್ಕ, ನಿನ್ನ ಕೈ."

ಹಸಿರು ನೂಲಿನ ಇಪ್ಪತ್ತನಾಲ್ಕನ್ನು ನಾನು ನಮ್ಮ ಮಗ್ಗದ ರೀತಿಯಲ್ಲೇ ಬದಲಿಸಿದೆ. ಬನಹಟ್ಟಿಯಲ್ಲಿ ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಾಗ ಹಳೆಯ ಎಳೆಗಳನ್ನು ಯಾರೂ ಕಿತ್ತು ಬಿಸಾಡುವುದಿಲ್ಲ. ಒಂದೊಂದು ಹಳೆಯ ಎಳೆಯ ಬಾಲಕ್ಕೆ ಒಂದೊಂದು ಹೊಸ ಎಳೆ ಕೂಡಿಸಿ ಹಳೆಯದನ್ನು ಎಳೆಯುತ್ತಾರೆ. ಹೊಸದು ಅದೇ ಹಾದಿಯಲ್ಲಿ ತಾನಾಗಿ ಬರುತ್ತದೆ. ನನ್ನ ಅವ್ವ ಮೂವತ್ತು ವರ್ಷ ಬೇರೆಯವರ ಮಗ್ಗಗಳಿಗೆ ಹೋಗಿ ಎಳೆ ಕೂಡಿಸಿದವಳು. ಹಾಗೆ ಹಳೆಯ ತಂತಿಯ ಬಾಲಕ್ಕೆ ಹೊಸ ಕೇಬಲ್ ಕಟ್ಟಿ ಎಳೆದೆ. ಒಂದೂ ತಪ್ಪಲಿಲ್ಲ.

ಕೆಂಪು ಹದಿನೇಳರ ಬಾಲಕ್ಕೆ ಏನನ್ನೂ ಕಟ್ಟಲಿಲ್ಲ. ಸತ್ತದ್ದರ ಹಿಂದೆ ಏನೂ ಬರಬೇಕಾಗಿರಲಿಲ್ಲ.

ಅವುಗಳಲ್ಲಿ ಮೂವತ್ತಮೂರನೆಯ ನಂಬರಿನದು ಉಳಿದವುಗಳ ಹಾಗೆ ಇರಲಿಲ್ಲ. ಅದು ಆ ಕೋಣೆಯಲ್ಲಿ ಕೊನೆಯಾಗುತ್ತಿರಲಿಲ್ಲ, ಹಾದು ಹೋಗುತ್ತಿತ್ತು. ಮೇಲಿನಿಂದ ಬಂದು, ನಡುವೆ ಒಂದು ಗಂಟು ಹಾಕಿ ಟೇಪು ಸುತ್ತಿಸಿಕೊಂಡು, ಹಿಂದಿನ ಗೋಡೆಯ ತೂತಿನಲ್ಲಿ ಹೊರಗೆ ಹೋಗುತ್ತಿತ್ತು. ಗಂಟು ಬಿಚ್ಚಿ ನೋಡಿದೆ. ಎಂಟು ಎಳೆಗಳಲ್ಲಿ ಕಿತ್ತಳೆ ಜೋಡಿ ಎರಡನ್ನೇ ಕೂಡಿಸಿದ್ದರು. ಎರಡೂ ಕಡೆಗೆ ಟೆಸ್ಟರ್ ಹಚ್ಚಿದೆ. ದೀಪವಿಲ್ಲ. ಕೆಳಗಿನ ತುಂಡನ್ನು ಎಳೆದಾಗ ಸ್ವಲ್ಪ ಜಗ್ಗಿ ಬಂತು, ಒಂಬತ್ತು ಮೀಟರು. ಮೇಲಿನದನ್ನು ಎಳೆದಾಗ ಎಲ್ಲೋ ಹಿಡಿದುಕೊಂಡಿತು. ನಾನು ಕಾಲು ಗೋಡೆಗೆ ಕೊಟ್ಟು ಜಗ್ಗಿದೆ. ಟಪ್ ಎಂದು ಬಿಟ್ಟು, ಸುಣ್ಣದ ಪುಡಿ ಉದುರಿಸುತ್ತ ಬಂತು. ಮೂವತ್ತೆಂಟು ಮೀಟರು. ಡೈರಿಯಲ್ಲಿ ಬರೆದೆ: "೩೩, ಸತ್ತದ್ದು, ಎರಡು ತುಂಡು, ತೆಗೆದಾಯಿತು."

ಹದಿಮೂರನೆಯ ತಾರೀಖು, ಗುರುವಾರ, ಸಂಜೆ ಐದೂ ಕಾಲಿಗೆ ಕೆಲಸ ಮುಗಿಯಿತು. ಹನ್ನೆರಡು ಜಾಗದಲ್ಲಿ ನಿಂತು ವೇಗ ಅಳೆದೆ, ಗಂಟೆ ಗೋಪುರದ ಬುಡದಲ್ಲೂ ಸಿಕ್ಕಿತು. ಸಭಾಪಾಲಕರು ನಮಗೆ ಚಹಾ ತರಿಸಿ, "ಭಾಳ ಛಲೋ ಆತರಿ," ಎಂದರು. ಮಾಮಾ ಹೊಸ ಸ್ವಿಚ್ಚಿನ ಹಸಿರು ದೀಪಗಳ ಫೋಟೋ ತೆಗೆದುಕೊಂಡ.

ಹದಿನೇಳು, ಸೋಮವಾರ, ಹನ್ನೊಂದು ಇಪ್ಪತ್ತಕ್ಕೆ ಸಭಾಪಾಲಕರ ಫೋನು ಬಂತು. "ತಂಗಿ, ನೀವು ಹಿಂದಿನ ಖೋಲಿಗೆ ಹೋಗೂ ವಾಯರ್ ಏನರ ತಗದೀರೇನು?"

ನಾನು ಡೈರಿ ತೆಗೆದು ನೋಡುವ ಮೊದಲೇ ನನಗೆ ಗೊತ್ತಾಗಿತ್ತು.

ಆ ನಿಲುವಂಗಿಯ ಕೋಣೆಯ ಹಿಂದಿನ ಗೋಡೆಗೆ ಅಂಟಿಕೊಂಡು ಒಂದು ಖೋಲಿ ಇದೆ. ಅಲ್ಲಿ ಒಬ್ಬ ಆಯಿ ಇದ್ದಾಳೆ. ಎಂಬತ್ತೇಳು ವರ್ಷ. ಚರ್ಚಿನ ಕಸ ಗುಡಿಸಿ, ಗಂಟೆ ಹೊಡೆದು, ಬೆಂಚು ಒರೆಸಿ ಬದುಕು ಕಳೆದವಳು. ಸೊಂಟದ ಎಲುಬು ಮುರಿದ ಮೇಲೆ ಮಂಚ ಬಿಟ್ಟು ಏಳಲಾರಳು. ಚರ್ಚಿನವರೇ ಸರದಿಯ ಮೇಲೆ ಊಟ ಕೊಡುತ್ತಾರೆ. ಮಂಚದ ತಲೆಯ ಮೇಲೆ ಗೋಡೆಗೆ ಒಂದು ಪುಟ್ಟ ಸ್ಪೀಕರ್ ಡಬ್ಬಿ. ಭಾನುವಾರ ಬೆಳಗ್ಗೆ ಆಯಿ ಅದರ ಗುಂಡಿ ಒತ್ತುತ್ತಾಳೆ, ಆರಾಧನೆ ಮುಗಿದ ಮೇಲೆ ಬಂದ್ ಮಾಡುತ್ತಾಳೆ. ನಾವು ಕೆಲಸ ಮಾಡಿದ್ದು ಮಂಗಳವಾರದಿಂದ ಗುರುವಾರ, ಡಬ್ಬಿ ಬಂದ್ ಇದ್ದ ದಿನಗಳಲ್ಲಿ, ಅದಕ್ಕೇ ಟೆಸ್ಟರಿನ ದೀಪ ಹತ್ತಿರಲಿಲ್ಲ. ತಂತಿ ಎಳೆದಾಗ ಡಬ್ಬಿ ಅಲುಗಾಡಿದ್ದನ್ನು ಆಯಿ ಇಲಿ ಎಂದುಕೊಂಡಳಂತೆ.

ಆ ಡಬ್ಬಿಯಲ್ಲಿ ಬರುತ್ತಿದ್ದದ್ದು ಉಪದೇಶ ಅಷ್ಟೇ ಅಲ್ಲ. ಆಲಯದೊಳಗೆ ಎಲ್ಲೋ ಗೋಡೆಯಲ್ಲಿ ಯಾರೋ ಒಂದು ಚಿಕ್ಕ ಮೈಕು ಹುಗಿದಿದ್ದರು. ಅದರಿಂದ ಜನರ ಸಪ್ಪಳ ಬರುತ್ತಿತ್ತು. ಚಪ್ಪಲಿ ಬಿಡುವುದು, ಬೆಂಚು ಕಿರುಗುಡುವುದು, ಕೆಮ್ಮು, ಬಳೆ, ಕೋಲು ಊರುವುದು. ಆಯಿ ಅದನ್ನು ಕೇಳುತ್ತ ಯಾರು ಬಂದರು ಎಂದು ಬೆರಳು ಮಡಚುತ್ತಿದ್ದಳು. ಸೋಮವಾರ ಸಭಾಪಾಲಕರು ಹೋಗಿ ಕೂತರೆ, "ಇಂಥಾಕಿ ಬಂದಿಲ್ಲ, ಇಂಥಾಂವ ಬಂದಿಲ್ಲ," ಎಂದು ಹೇಳುತ್ತಿದ್ದಳು. ಮಂಗಳವಾರ ಅವರು ಆ ಮನೆಗಳಿಗೆ ಹೋಗುತ್ತಿದ್ದರು. ಹಿಂದಿನ ಸಭಾಪಾಲಕರ ಕಾಲದಿಂದ ನಡೆದು ಬಂದ ಪದ್ಧತಿ. ಬೇರೆ ಹಾಜರಿ ಪುಸ್ತಕ ಆ ಚರ್ಚಿನಲ್ಲಿ ಇರಲಿಲ್ಲ.

"ಪೀಠದ ಮ್ಯಾಲ ನಿಂತರ ಬಂದಾವ್ರು ಕಾಣತಾರ ತಂಗಿ," ಎಂದರು ಸಭಾಪಾಲಕರು. "ಬರದಾವ್ರು ಕಾಣಂಗಿಲ್ಲಲಾ."

ಆ ಸೋಮವಾರ ಅವರು ಎಂದಿನಂತೆ ಹೋಗಿ ಕೇಳಿದ್ದರು, ಯಾರು ಬಂದಿಲ್ಲ ಆಯಿ ಎಂದು.

"ಯಾರೂ ಬಂದಿಲ್ಲರಿ ಅಯ್ನೋರ," ಎಂದಿದ್ದಳು ಆಯಿ. "ಮಂದಿ ಬರೂದ ಬಿಟ್ರೇನ್ರಿ?"

ಅವರು ನಕ್ಕಿದ್ದರು. ಆಯಿ ನಗಲಿಲ್ಲವಂತೆ. ಭಾನುವಾರ ಇಡೀ ದಿನ ಅವಳು ಊಟದ ತಾಟು ಮುಟ್ಟಿರಲಿಲ್ಲ. ತಾಟು ತಂದವಳು ಜ್ವರ ಇರಬೇಕೆಂದುಕೊಂಡಿದ್ದಳು.

ಅದೇ ದಿನ ಮಧ್ಯಾಹ್ನ ಒಂದೂವರೆಗೆ ನಾವು ಅಲ್ಲಿಗೆ ಹೋದೆವು. ನಾನು ಆಯಿಯ ಮಂಚದ ಹತ್ತಿರ ನಿಂತು, ತಪ್ಪು ನನ್ನದು ಎಂದೆ.

"ನೀ ಯಾರಬೇ?"

"ವಾಯರ್ ತಗದಾಕಿರಿ ಆಯಿ."

"ಎಲ್ಲೀಕಿ?"

"ಬನಹಟ್ಟಿ."

"ನೇಕಾರ ಮಂದಿ? ಹಣಿಗೆ ಇಭೂತಿ ಐತೇನ ಮತ್ತ? ಕಣ್ಣ ಮಂಜ ನನಗ." ಕೈ ಚಾಚಿ ನನ್ನ ಹಣೆ ಮುಟ್ಟಿ ನೋಡಿದಳು. "ಐತಿ. ತಗೀಲಿ ಬಿಡು, ಹಾಕಿದ್ದ ತಗೀತಾರ. ಮತ್ತ ಹಾಕ್ತಿಯಲ್ಲ?"

"ಹಾಕ್ತೇನ್ರಿ."

ಹಾಕುತ್ತೇನೆ ಎಂದು ಹೇಳಿದ್ದು ನಾನು. ಮಾಮಾ ಮೇಲೆ ಚಾವಣಿ ನೋಡುತ್ತ ನಿಂತಿದ್ದ.

ಮೊದಲು ಸುಲಭದ್ದನ್ನು ಮಾಡಿದೆವು. ಧ್ವನಿವರ್ಧಕದ ಯಂತ್ರದಿಂದ ಹೊಸ ತಂತಿ ಎಳೆದು ಆಯಿಯ ಡಬ್ಬಿಗೆ ಕೊಟ್ಟೆವು. ಇಪ್ಪತ್ತಮೂರನೆಯ ತಾರೀಖಿನ ಭಾನುವಾರ ನಾನು ಅವಳ ಖೋಲಿಯಲ್ಲೇ ಕೂತೆ. ಸಭಾಪಾಲಕರ ಮಾತು ಪಕ್ಕದಲ್ಲಿ ಕೂತು ಆಡಿದ ಹಾಗೆ ಬಂತು, ಹಾಡಿನ ಗುಂಪಿನ ದನಿ ಒಡೆಯಲಿಲ್ಲ. ಆಯಿ ಬೆರಳು ಮಡಚಲಿಲ್ಲ.

"ಛಲೋ ಕೇಳತೈತಿ ಮಗಳ," ಎಂದಳು ಮುಗಿದ ಮೇಲೆ. "ಅಯ್ನೋರು ಬಂದಿದ್ದು ಕೇಳತೈತಿ. ಅವರು ಬರತಾರಂತ ನನಗ ಮದಲs ಗೊತ್ತಿತ್ತಲ್ಲ. ಮಂದಿ ಎಲ್ಲಿ ಅದಾರ?"

ಮಂದಿ ಮೈಕಿನಿಂದ ದೂರ ಇದ್ದರು. ನನಗೆ ಬೇಕಾದದ್ದು ಆ ಹಳೆಯ ಮೈಕಿನ ಜಾಗ.

ಅಂದು ಮನೆಗೆ ಬಂದು ಅವ್ವನ ಮುಂದೆ ಎಲ್ಲ ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಿ ನನ್ನನ್ನು ನೋಡಿದಳು.

"ಎಳಿಯೂಮುಂದ ಬಾಲಕ್ಕ ಏನ ಕಟ್ಟಿದ್ದಿ?"

"ಏನೂ ಕಟ್ಟಿರಲಿಲ್ಲ."

"ಒಂದ ದಾರ?"

"ಇಲ್ಲಬೇ."

"ನೇಕಾರ ಮನ್ಯಾಗ ಹುಟ್ಟಿ ಬರೀ ಬಾಲ ಎಳದಿ? ನಿಮ್ಮಪ್ಪ ಮಗ್ಗಾ ಮಾರೂಮುಂದ ಸೈತ ಹಳೆ ಹಾಸಿನ ಬಾಲ ಬಿಟ್ಟು ಕೊಟ್ಟಾನ, ಕೊಂಡಾಂವಗ ಹಾದಿ ಇರಲಿ ಅಂತ." ಮತ್ತೆ ರೊಟ್ಟಿ ಬಡಿಯತೊಡಗಿದಳು. "ಡಿಗ್ರಿ ಓದಸಬಾರದಿತ್ತು."

ಒಂದು ನೂಲು ಕಟ್ಟಿದ್ದರೆ, ತಂತಿ ಹೋದರೂ ನೂಲು ಗೋಡೆಯೊಳಗೆ ಉಳಿಯುತ್ತಿತ್ತು. ಅದರ ಜಾಡು ಹಿಡಿದು ಮೈಕಿನ ಹತ್ತಿರ ಹೋಗಬಹುದಿತ್ತು. ಈಗ ನನ್ನ ಹತ್ತಿರ ಇರುವುದು ಹರಿದ ತುದಿಯ ತಂತಿ, ಆ ತುದಿಗೆ ಮೆತ್ತಿದ ತಿಳಿನೀಲಿ ಸುಣ್ಣ, ಮತ್ತು ಮೂವತ್ತೆಂಟು ಎಂಬ ಅಂಕಿ.

ಮೂವತ್ತೆಂಟನ್ನೇ ಹಿಡಿದು ಹುಡುಕಿದೆ. ಅಷ್ಟು ಉದ್ದದ ಹಗ್ಗ ಕತ್ತರಿಸಿ, ನಿಲುವಂಗಿಯ ಕೋಣೆಯ ತೂತಿನಿಂದ ಮೇಲೆ ಒಯ್ದು, ಚಾವಣಿಯ ತೊಲೆಗಳ ಗುಂಟ ಎಲ್ಲೆಲ್ಲಿ ಮುಟ್ಟಬಹುದೋ ಅಲ್ಲೆಲ್ಲ ಮುಟ್ಟಿಸಿದೆ. ಒಂದು ಸಲ ಬಾಗಿಲ ಮೇಲಿನ ಕಮಾನಿಗೆ ಬಂತು. ಒಂದು ಸಲ ಹೆಂಗಸರ ಕಡೆಯ ಕೊನೆಯ ಕಿಟಕಿಗೆ ಬಂತು. ತಂತಿಯನ್ನು ಎಲ್ಲಾದರೂ ಸುತ್ತಿ ಇಟ್ಟಿದ್ದರೆ ಈ ಲೆಕ್ಕವೇ ಸುಳ್ಳು. ಗೋಡೆಗೆ ಮೂರು ಪದರು ಸುಣ್ಣ ಬಿದ್ದಿದೆ, ತಿಳಿನೀಲಿ ಬಣ್ಣ ಎಲ್ಲ ಗೋಡೆಯ ಒಳಪದರಿನಲ್ಲೂ ಇದೆ. ಚಮಚದ ಹಿಡಿಕೆಯಿಂದ ಕುಟ್ಟಿ ಕಿವಿ ಹಚ್ಚಿದೆ. ನಾಲ್ಕು ದಿನದಲ್ಲಿ ಸಿಕ್ಕಿದ್ದು ಇಷ್ಟು: ಮೊಳೆಯ ತೂತು ನೂರಾ ಹನ್ನೆರಡು, ಹಳೆಯ ಕೊಕ್ಕೆ ಒಂಬತ್ತು, ಕಣಜದ ಗೂಡು ಎರಡು. ಮೈಕು ಇಲ್ಲ.

ಆಯಿಯನ್ನೇ ಕೇಳಿದೆ. "ಯಾರ ಹಾಕಿದ್ರು ಆಯಿ?"

"ಒಬ್ಬ ಮಿಸ್ತ್ರಿ. ಫ್ಯಾನ್ ರಿಪೇರಿಗೆ ಬಂದಿದ್ದ, ಎರಡ ದಿನ. ನನ್ನ ಟೊಂಕ ಮುರದ ವರ್ಷ. ಬೀಳಗಿ ಕಡ್ಯಾಂವ. ಹೊಳಿ ನೀರ ಬಂದು ಅವರ ಊರ ಎಬ್ಬಿಸಿದ್ರಂತ, ಅದನ್ನs ಹೇಳಕೋತ ಕುಂತಿದ್ದ. ನಾನು, ಒಳಗ ಹೋಗಾಕ ಆಗವಲ್ದು, ಮಂದೀ ಸಪ್ಪಳ ಇಲ್ಲದ ಐತವಾರ ಹೆಂಗೋ ಆಗತೈತಿ ಅಂದೆ. ಹ್ಞೂಂ ಅನಲಿಲ್ಲ, ಉಹ್ಞೂಂ ಅನಲಿಲ್ಲ. ಮರದಿನ ಈ ಡಬ್ಬಿ ಬಡದ. 'ಆಯಿ, ನಿನ್ನ ಕಿವಿ ಒಳಗ ಇಟ್ಟ ಬಂದೇನಿ' ಅಂದ. ಹ್ವಾದ."

"ಎಲ್ಲಿ ಇಟ್ಟೇನಿ ಅಂತ ಕೇಳಲಿಲ್ಲೇನು?"

"ಕಿವಿ ಎಲ್ಲಿರತೈತಿ ಅಂತ ಯಾರರ ಕೇಳತಾರೇನಬೇ?"

ಹೆಸರು ಗೊತ್ತಿಲ್ಲ. ಚರ್ಚಿನ ಕಾಗದಗಳಲ್ಲಿ ಫ್ಯಾನಿನ ಮಾತಿದೆ, ಮೈಕಿನದಿಲ್ಲ. ಆಗಿದ್ದ ಸಭಾಪಾಲಕರು ತೀರಿಕೊಂಡಿದ್ದಾರೆ. ನಾನೂ ಮಾಮಾನೂ ಜುಲೈ ಎರಡರಂದು ಬೀಳಗಿಗೆ ಹೋಗಿ ಕರೆಂಟಿನ ಕೆಲಸದವರ ಏಳು ಅಂಗಡಿಗಳಲ್ಲಿ ಕೇಳಿದೆವು. ಒಬ್ಬರು, "ಹೆಸರಿಲ್ಲದ ಮಿಸ್ತ್ರಿ ಅಂದ್ರ ನಾವೆಲ್ಲಾರೂ ಅವನs," ಎಂದು ನಕ್ಕು ಚಹಾ ಕುಡಿಸಿದರು.

ಹಳೆಯ ಡಬ್ಬಿಯಲ್ಲಿ ಏನೇನು ಹೇಗೆ ಕೇಳುತ್ತಿತ್ತು ಎಂದೂ ಆಯಿಯಿಂದ ಬರೆದುಕೊಂಡೆ. ಅದರಿಂದ ಜಾಗ ತಿಳಿದೀತು ಎಂಬ ಆಸೆ. ಮಳೆ ಬಂದರೆ ತಗಡಿನ ಸಪ್ಪಳ ದೊಡ್ಡದಾಗಿ ಬರುತ್ತಿತ್ತಂತೆ. ತಗಡು ಇರುವುದು ಬಾಗಿಲ ಮುಂದಿನ ಪಡಸಾಲೆಗೆ ಮಾತ್ರ, ಅಂದರೆ ಮೈಕು ಬಾಗಿಲ ಕಡೆ. ಆದರೆ ಮೂರನೆಯ ಬೆಂಚಿನ ಮುರುಕು ಕಾಲಿನ ಕಿರುಗುಟ್ಟುವಿಕೆಯೂ ಅಷ್ಟೇ ಹತ್ತಿರದಿಂದ ಬರುತ್ತಿತ್ತಂತೆ. ಆ ಬೆಂಚು ವೇದಿಯ ಹತ್ತಿರ, ಬಾಗಿಲಿನಿಂದ ಇಪ್ಪತ್ತೊಂದು ಮೀಟರು. ಎರಡೂ ಒಂದೇ ಸಮ ಹತ್ತಿರ ಕೇಳುವ ಜಾಗ ಆ ಕಟ್ಟಡದಲ್ಲಿ ಎಲ್ಲಿದೆಯೋ ನನಗೆ ಸಿಗಲಿಲ್ಲ. ಆ ಮಿಸ್ತ್ರಿ ಅದನ್ನು ಎರಡೇ ದಿನದಲ್ಲಿ ಕಂಡುಕೊಂಡಿದ್ದ.

ಹೊಸ ಮೈಕುಗಳನ್ನು ತಂದು ನಾಲ್ಕು ಭಾನುವಾರ ನಾಲ್ಕು ಜಾಗದಲ್ಲಿ ಇಟ್ಟೆ. ಆರಾಧನೆ ತೋರಿಸುವ ಕ್ಯಾಮೆರಾದಲ್ಲಿ ತಲೆ ಎಣಿಸಿ, ಆಯಿಯ ಬೆರಳಿನ ಲೆಕ್ಕದ ಜೊತೆ ಇಟ್ಟು ನೋಡಿದೆ.

ಜೂನ್ ಮೂವತ್ತು, ಕಮಾನಿನ ಕೆಳಗೆ: ಬಂದವರು ಅರವತ್ತನಾಲ್ಕು, ಆಯಿ ಗುರುತಿಸಿದವರು ಹತ್ತೊಂಬತ್ತು.

ಜುಲೈ ಏಳು, ಹೆಂಗಸರ ಕಡೆಯ ಕಿಟಕಿ: ಅರವತ್ತೊಂದರಲ್ಲಿ ಇಪ್ಪತ್ತಾರು. ಬರೀ ಬಳೆ ಎಂದಳು.

ಹದಿನಾಲ್ಕು, ಎರಡನೆಯ ಕಂಬ: ಐವತ್ತೆಂಟರಲ್ಲಿ ಹದಿನೇಳು. ಹೊಸ ಫ್ಯಾನಿನ ಸಪ್ಪಳವೇ ಹೆಚ್ಚು.

ಇಪ್ಪತ್ತೊಂದು, ಮೂರನೆಯ ಬೆಂಚಿನ ಮೇಲಿನ ತೊಲೆ: ಅರವತ್ತರಲ್ಲಿ ಇಪ್ಪತ್ತೆಂಟು. ಬೆರಳು ಮಡಚಿ, ಬಿಚ್ಚಿ, ಮತ್ತೆ ಮಡಚಿ, "ಗೊತ್ತಾಗವಲ್ದು ಮಗಳ," ಎಂದಳು. ಮೊದಲು ಅವಳ ಲೆಕ್ಕದಲ್ಲಿ ಒಬ್ಬರೋ ಇಬ್ಬರೋ ತಪ್ಪುತ್ತಿದ್ದರು ಎಂದು ಸಭಾಪಾಲಕರು ಹೇಳುತ್ತಾರೆ.

ಅವರೂ ಸುಮ್ಮನೆ ಕೂತಿರಲಿಲ್ಲ. ಬಾಗಿಲಲ್ಲಿ ಒಂದು ಸಹಿ ಪುಸ್ತಕ ಇಟ್ಟರು. "ಇದೇನ ಸಾಲೀನ್ರಿ?" ಎಂದು ಅರ್ಧ ಜನ ಸಹಿ ಮಾಡಲಿಲ್ಲ. ತುಬಚಿಯಿಂದ ಬರುವ ಒಬ್ಬ ಹಿರಿಯರು ತಮ್ಮದನ್ನೂ, ಬಾರದ ತಮ್ಮನದನ್ನೂ ಮಾಡಿ, "ಅಂವ ಬರಾಂವನs ಇದ್ದ," ಎಂದರಂತೆ. ಕ್ಯಾಮೆರಾದ ಚಿತ್ರವನ್ನು ನಾನು ಕೊಟ್ಟೆ. ಅದರಲ್ಲಿ ತಲೆಗಳ ಹಿಂಬದಿ ಕಾಣುತ್ತದೆ, ಎಷ್ಟು ಎಂದು ಹೇಳಬಹುದು. ಯಾರು ಇಲ್ಲ ಎಂದು ಅದು ಹೇಳುವುದಿಲ್ಲ.

ಜುಲೈ ಇಪ್ಪತ್ತೈದು, ಗುರುವಾರ. ಸಮೀರವಾಡಿಯಿಂದ ಪ್ರತಿ ಭಾನುವಾರ ಬಸ್ಸಿನಲ್ಲಿ ಬಂದು ಹಿಂದಿನ ಬೆಂಚಿನಲ್ಲಿ ಕೂತು ಹೋಗುವ ಒಬ್ಬ ಹೆಂಗಸು, ಹೊಲಿಗೆ ಕೆಲಸದವಳು, ಹನ್ನೊಂದು ದಿನದಿಂದ ಮುಧೋಳದ ಆಸ್ಪತ್ರೆಯಲ್ಲಿದ್ದಾಳೆ ಎಂದು ಸಭಾಪಾಲಕರಿಗೆ ಗೊತ್ತಾಯಿತು. ಬಸ್ಸಿನಿಂದ ಇಳಿಯುವಾಗ ಬಿದ್ದು ಕಾಲು ಮುರಿದಿತ್ತು. ಎರಡು ಭಾನುವಾರ ಅವಳು ಬಂದಿರಲಿಲ್ಲ, ಯಾರೂ ಗಮನಿಸಿರಲಿಲ್ಲ. ಅವರು ಓಡಿ ಹೋದರು. ಅವಳು ಕೇಳಿದ್ದು ಒಂದೇ ಮಾತಂತೆ: "ಆಯಿ ಹೇಳಲಿಲ್ಲೇನ್ರಿ?"

ಇದನ್ನು ಸಭಾಪಾಲಕರು ಆಯಿಗೆ ಹೇಳಬಾರದಿತ್ತು. ಅವರು ಸುಳ್ಳು ಹೇಳುವವರಲ್ಲ, ಆಯಿ ಕೇಳಿದಾಗ ಹೇಳಿಬಿಟ್ಟರು. ಮರುದಿನ ನಾನು ಹೋದಾಗ ಆಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಆಕೀ ಚಪ್ಪಲಿಗೆ ಮೊಳಿ ಐತಿ," ಎಂದಳು. "ಟಕ್ ಟಕ್ ಅಂತೈತಿ. ಅದು ತಪ್ಪೂ ಸಪ್ಪಳಲ್ಲ."

ತಪ್ಪು ನಿಮ್ಮದಲ್ಲ ಆಯಿ, ನನ್ನದು ಎಂದೆ. ಅದನ್ನು ಮೊದಲ ದಿನವೇ ಹೇಳಿದ್ದೆ. ಅವಳು ಕೈಯನ್ನಷ್ಟೇ ಹಿಂದಕ್ಕೆ ಚಾಚಿದಳು, ನಾನು ಹಿಡಿದುಕೊಂಡೆ.

ಇಪ್ಪತ್ತೆಂಟರ ಭಾನುವಾರ ಅವಳು ಡಬ್ಬಿಯ ಗುಂಡಿ ಒತ್ತಲಿಲ್ಲ.

ಈಗ ಆ ಕಟ್ಟಡದ ಯಾವ ಮೂಲೆಯಲ್ಲೂ ವೈ-ಫೈ ಕಡಿದು ಹೋಗುವುದಿಲ್ಲ. ಆರಾಧನೆಯನ್ನು ದೂರದವರು ತಡೆಯಿಲ್ಲದೆ ನೋಡುತ್ತಾರೆ, ಹಾಡಿನ ಸಾಲುಗಳು ಪರದೆಯ ಮೇಲೆ ಸರಿಯಾಗಿ ಬರುತ್ತವೆ. ಮಾಮಾ ಮತ್ತೆರಡು ಕಡೆ ಇದೇ ಕೆಲಸ ಹಿಡಿದಿದ್ದಾನೆ. ಅಲ್ಲಿ ಕೆಂಪು ನೂಲಿನ ತಂತಿಗಳನ್ನು ನಾನು ಮುಟ್ಟಿಲ್ಲ. ಮಾಮಾ ತಲಾಟಿ ಎನ್ನುವುದನ್ನು ಬಿಟ್ಟಿದ್ದಾನೆ.

ಇದನ್ನು ಓದುವವರಲ್ಲಿ ಯಾರಿಗಾದರೂ ಆ ಮಿಸ್ತ್ರಿ ಗೊತ್ತಿರಬಹುದು, ಅಥವಾ ಓದುವವರೇ ಆ ಮಿಸ್ತ್ರಿ ಇರಬಹುದು. ಬೀಳಗಿ ಕಡೆಯವರು, ಊರು ನೀರಿನಲ್ಲಿ ಹೋದವರು, ಜಮಖಂಡಿಯ ಚರ್ಚಿಗೆ ಎರಡು ದಿನ ಫ್ಯಾನ್ ರಿಪೇರಿಗೆ ಬಂದವರು. ತಂತಿ ಬೂದು ಬಣ್ಣದ್ದು, ಕಿತ್ತಳೆ ಜೋಡಿ ಮಾತ್ರ ಬಳಸಿದ್ದು, ಮೇಲಿನ ತುಂಡು ಮೂವತ್ತೆಂಟು ಮೀಟರು, ತುದಿಯಲ್ಲಿ ತಿಳಿನೀಲಿ ಸುಣ್ಣ. ಮೈಕು ಯಾವ ಗೋಡೆಯಲ್ಲಿ, ಎಷ್ಟು ಎತ್ತರದಲ್ಲಿ, ಯಾವ ಕಡೆ ಮುಖ ಮಾಡಿದೆ ಎಂದು ಒಂದು ಸಾಲು ಬರೆದು ಈ ಪುಸ್ತಕ ಅಚ್ಚು ಮಾಡಿದವರಿಗೆ ಕಳಿಸಿ, ಅವರು ನನಗೆ ಮುಟ್ಟಿಸುತ್ತಾರೆ. ಖಚಿತ ಗೊತ್ತಿಲ್ಲದಿದ್ದರೆ ಅಂದಾಜಾದರೂ ಬರೆಯಿರಿ. ಏಣಿ ಇನ್ನೂ ಚರ್ಚಿನಲ್ಲೇ ಇದೆ, ನಾನು ತಂದಿಲ್ಲ.